ಮ್ಯಾಕರೋನಿ ಚೀಸ್ ಒಡೆದು ಹೋಯ್ತು, ಅವ್ವ ಮುಟ್ಟಲೇ ಇಲ್ಲ

ಕೆಲಗೇರಿ ಅಪ್ಪ · ಗುರುವಾರ ರಾತ್ರಿ 10.15

ಎಲ್ಲರಿಗೂ ನಮಸ್ಕಾರ್ರೀ. ಧಾರವಾಡದಲ್ಲಿ ಮೂರು ದಿನದಿಂದ ಜಿಟಿಜಿಟಿ ಮಳೆ. ಬಟ್ಟೆ ಒಣಗುತ್ತಿಲ್ಲ, ಮಕ್ಕಳು ಹೊರಗೆ ಕಾಲಿಡುತ್ತಿಲ್ಲ. ನನ್ನ ಹೆಂಡತಿ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಈ ವಾರ ಅವಳಿಗೆ ರಾತ್ರಿ ಪಾಳಿ. ಸಂಜೆ ಚಿಗರಿ ಬಸ್ ಹತ್ತಿದರೆ ಮನೆಗೆ ಬರುವುದು ಮರುದಿನ ಬೆಳಿಗ್ಗೆ ಒಂಬತ್ತಕ್ಕೆ. ಹಾಗಾಗಿ ರಾತ್ರಿ ಅಡುಗೆ ನನ್ನ ಪಾಲು. ನನಗೆ ಬರುವುದು ನಾಲ್ಕೇ ನಾಲ್ಕು: ಉಪ್ಪಿಟ್ಟು, ಚಿತ್ರಾನ್ನ, ಮ್ಯಾಗಿ, ಮತ್ತೆ ಉಪ್ಪಿಟ್ಟು.

ಮಗಳು ಎಂಟನೇ ಕ್ಲಾಸು. ಗೆಳತಿಯ ಮನೆಯಲ್ಲಿ ಮ್ಯಾಕರೋನಿ ಚೀಸ್, ಅಂದರೆ ಸಣ್ಣ ಕೊಳವೆಯಂಥ ಪಾಸ್ತಾಕ್ಕೆ ಹಾಲು, ಚೀಸ್‌ನ ಸಾಸ್ ಬೆರೆಸಿದ್ದು, ತಿಂದು ಬಂದಿದ್ದಾಳೆ. ಎರಡು ದಿನದಿಂದ ಅದೇ ಹಾಡು. ಇವತ್ತು ಧೈರ್ಯ ಮಾಡಿದೆ. ಹಾಲು ಕುದಿಸಿದೆ, ಮೈದಾ ಹಾಕಿದೆ, ಗಂಟಾಯಿತು. ಗಂಟು ಒಡೆಯಲಿ ಅಂತ ಇನ್ನೂ ಕುದಿಸಿದೆ. ಕುದಿಯುತ್ತಿರುವಾಗಲೇ ಚೀಸ್ ಸುರಿದೆ. ಕೆಳಗೆ ರಬ್ಬರ್ ಉಂಡೆ, ಮೇಲೆ ಎಣ್ಣೆ ತೇಲಿತು. ಎರಡನೇ ಕ್ಲಾಸಿನ ಮಗ ನೋಡಿ, "ಅಪ್ಪಾ, ಹಾಲು ಒಡದೈತಿ" ಅಂದ. ಇಬ್ಬರೂ ಟೊಮೆಟೊ ಸಾಸ್ ಸುರಿದುಕೊಂಡು ಹೆಂಗೋ ತಿಂದರು. ಪಾಪ.

ನಮ್ಮ ಅವ್ವನಿಗೆ ಎಪ್ಪತ್ತೆರಡು. ತಟ್ಟೆ ಕಡೆ ಒಮ್ಮೆ ನೋಡಿದಳು, ಏನೂ ಅನ್ನಲಿಲ್ಲ. ಎದ್ದು ಹೋಗಿ ಮಜ್ಜಿಗೆ ಅನ್ನ ಕಲಸಿಕೊಂಡಳು. ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಎರಡು ಪ್ರಶ್ನೆ. ಸಾಸ್ ಯಾಕೆ ಒಡೆಯಿತು? ಅವ್ವ ತಿನ್ನುವ ಹಾಗೆ ಮಾಡೋದು ಹೇಗೆ?

ಸಪ್ತಾಪುರ ಪಿಜಿ · 10.22

ನಾಲ್ಕರಲ್ಲಿ ಎರಡು ಉಪ್ಪಿಟ್ಟು ಅಂದ್ರೆ ನಮ್ಮ ಪಿಜಿ ಅಡುಗೆಯವರು ನೀವೇ ಇರಬೇಕು ಅಣ್ಣಾ.

ಉಣಕಲ್ ಕೆರೆ ದಂಡೆ · 10.40

ಅಣ್ಣಾರ, ಮೊದಲು ಒಂದು ಮಾತು ಹೇಳಿ. ಯಾವ ಚೀಸ್ ಹಾಕಿದ್ರಿ? ತುರಿದ ಪ್ಯಾಕೆಟ್ಟಾ, ಗಡ್ಡೆಯಾ, ಕ್ಯೂಬಾ?

ಕೆಲಗೇರಿ ಅಪ್ಪ · 10.43

ತುರಿದಿದ್ದ ಪ್ಯಾಕೆಟ್ ಅಕ್ಕಾ. ಮೊಝರೆಲ್ಲಾ. ಪಿಜ್ಜಾದ ಚಿತ್ರ ಇತ್ತು, ಛಲೋದೇ ಇರಬೇಕು ಅಂತ ತಂದೆ.

ಉಣಕಲ್ ಕೆರೆ ದಂಡೆ · 11.20

ಅಲ್ಲೇ ಇದೆ ನೋಡಿ ಕಥೆ. ನಾನು ಮದುವೆಯಾದ ಹೊಸತರಲ್ಲಿ ಆರು ವರ್ಷ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೆ. ಅಲ್ಲಿ ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು, ಹೊರಗೆ ಇದೇ ನಮ್ಮ ಧಾರವಾಡದ ಹಾಗೆ ಮಳೆ. ಪಕ್ಕದ ಮನೆಯ ಹೆಂಗಸಿನ ಹತ್ತಿರ ಕಲಿತದ್ದು ಇದು. ಅಲ್ಲಿ ಇದು ಹಬ್ಬದ ಊಟ ಅಲ್ಲ. ಸುಸ್ತಾಗಿ ಬಂದ ದಿನದ ಊಟ. ಚಮಚದಲ್ಲಿ ತಿನ್ನೋದು, ಸೋಫಾದ ಮೇಲೆ ಕಾಲು ಮಡಚಿಕೊಂಡು.

ಮೊಝರೆಲ್ಲಾ ಇರುವುದು ಎಳೆ ಎಳೆಯಾಗಿ ಜಗ್ಗಲಿಕ್ಕೆ. ಪಿಜ್ಜಾಗೆ ಸರಿ. ಸಾಸ್‌ನಲ್ಲಿ ಅದು ಕರಗಿ ಬೆರೆಯುವುದಕ್ಕಿಂತ ಮುದ್ದೆಯಾಗುವುದೇ ಜಾಸ್ತಿ. ರುಚಿಯೂ ಸಪ್ಪೆ. ಮೇಲಾಗಿ ತುರಿದ ಪ್ಯಾಕೆಟ್ ಚೀಸ್‌ಗೆ ಒಂದಕ್ಕೊಂದು ಅಂಟದಿರಲಿ ಅಂತ ಪಿಷ್ಟದ ಪುಡಿ ಸವರಿರುತ್ತಾರೆ. ಅದೂ ಸಾಸನ್ನು ತರಿತರಿ ಮಾಡುತ್ತದೆ. ಇಂಗ್ಲೆಂಡಿನವರು ಹಾಕುವುದು ಚೆಡ್ಡರ್. ಸಾಮರ್‌ಸೆಟ್ ಕಡೆಯ ಚೆಡ್ಡರ್ ಅನ್ನೋ ಹಳ್ಳಿಯಿಂದ ಬಂದ ಹೆಸರು. ನಮ್ಮಲ್ಲಿ ಸಿಗುವ ಪ್ರೊಸೆಸ್ಡ್ ಚೀಸ್ ಕ್ಯೂಬ್ ಇದೆಯಲ್ಲ, ಅದನ್ನು ಕಂಡರೆ ಮೂಗು ಮುರಿಯುವವರಿದ್ದಾರೆ. ಆದರೆ ಹೊಸಬರಿಗೆ ಅದೇ ಒಳ್ಳೆಯದು. ಅದರಲ್ಲಿ ಸಿಟ್ರೇಟ್, ಫಾಸ್ಫೇಟ್ ತರದ ಲವಣ ಮೊದಲೇ ಸೇರಿರುತ್ತದೆ. ಅವು ಕೊಬ್ಬನ್ನೂ ನೀರನ್ನೂ ಬೇರೆಯಾಗಲು ಬಿಡುವುದಿಲ್ಲ. ಸುಲಭಕ್ಕೆ ಒಡೆಯುವುದಿಲ್ಲ.

ಎರಡನೇ ತಪ್ಪು ಬೆಂಕಿ. ಕುದಿಯುವ ಸಾಸ್‌ಗೆ ಚೀಸ್ ಬಿದ್ದರೆ ಅದರ ಪ್ರೋಟೀನ್ ಬಿಗಿಯಾಗಿ ಗಂಟು ಕಟ್ಟುತ್ತದೆ, ತುಪ್ಪದಂಶ ಹೊರಗೆ ಬರುತ್ತದೆ. ನಿಮ್ಮ ರಬ್ಬರ್ ಉಂಡೆ, ಮೇಲಿನ ಎಣ್ಣೆ ಎರಡೂ ಅದೇ.

ನಾಲ್ಕು ಮಂದಿಗೆ ಲೆಕ್ಕ ಬರೆದುಕೊಳ್ಳಿ. ಮ್ಯಾಕರೋನಿ 200 ಗ್ರಾಂ. ಹಾಲು ಅರ್ಧ ಲೀಟರ್, ಆದಷ್ಟು ಗಟ್ಟಿ ಹಾಲು. ಬೆಣ್ಣೆ 2 ದೊಡ್ಡ ಚಮಚ, ಮೈದಾ 3 ದೊಡ್ಡ ಚಮಚ. ಚೀಸ್ 150 ಗ್ರಾಂ, ಅಂದರೆ 25 ಗ್ರಾಂನ ಕ್ಯೂಬ್ ಆರು. ನೀವೇ ತುರಿಯಿರಿ. ತುರಿಯುವ ಮೊದಲು ಕಾಲು ತಾಸು ಫ್ರೀಜರ್‌ನಲ್ಲಿಡಿ, ಕೈಗೆ ಅಂಟುವುದಿಲ್ಲ.

ಮ್ಯಾಕರೋನಿಯನ್ನು ಎರಡು ಲೀಟರ್ ಉಪ್ಪು ನೀರಿನಲ್ಲಿ ಬೇಯಿಸಿ. ಪ್ಯಾಕೆಟ್ ಮೇಲೆ ಹೇಳಿದ್ದಕ್ಕಿಂತ ಎರಡು ನಿಮಿಷ ಮೊದಲೇ ಬಸಿದುಬಿಡಿ, ಉಳಿದದ್ದು ಸಾಸ್‌ನಲ್ಲಿ ಬೇಯುತ್ತದೆ. ಬಸಿದ ನೀರು ಒಂದು ಲೋಟ ಎತ್ತಿಡಿ. ಇನ್ನೊಂದು ಪಾತ್ರೆಯಲ್ಲಿ ಬೆಣ್ಣೆ ಕರಗಿಸಿ ಮೈದಾ ಹಾಕಿ. ಸಣ್ಣ ಉರಿಯಲ್ಲಿ ಎರಡು ನಿಮಿಷ ಹುರಿಯಿರಿ, ಹಸಿ ವಾಸನೆ ಹೋಗಬೇಕು, ಬಣ್ಣ ಬರಬಾರದು. ಹಾಲನ್ನು ಒಮ್ಮೆಗೇ ಸುರಿಯಬೇಡಿ. ಮೊದಲು ಒಂದು ಸೌಟು, ತಿರುವಿ ಮುದ್ದೆ ಮಾಡಿ. ಮತ್ತೊಂದು ಸೌಟು, ಮತ್ತೆ ತಿರುವಿ. ಮೂರು ನಾಲ್ಕು ಸೌಟು ಆದ ಮೇಲೆ ಉಳಿದದ್ದು ಸುರಿಯಬಹುದು. ಈಗ ಕುದಿ ಬರಲಿ, ಮೈದಾ ಕುದಿಯದೆ ಪೂರ್ತಿ ಗಟ್ಟಿಯಾಗುವುದಿಲ್ಲ. ಸೌಟಿನ ಬೆನ್ನಿಗೆ ಹತ್ತುವಷ್ಟು ಆದ ಮೇಲೆ ಗ್ಯಾಸ್ ಆರಿಸಿ.

ಆರಿಸಿ ಅಂದ್ರೆ ಆರಿಸಿ. ಸಣ್ಣ ಉರಿ ಅಲ್ಲ. ಒಂದು ನಿಮಿಷ ಬಿಟ್ಟು ಚೀಸ್ ಮುಷ್ಟಿ ಮುಷ್ಟಿ ಹಾಕುತ್ತ ತಿರುವಿ. ಮೆಣಸಿನ ಪುಡಿ, ಅಂದ್ರೆ ಕರಿ ಮೆಣಸಿನದು, ಸ್ವಲ್ಪ. ಕಾಲು ಚಮಚ ಸಾಸಿವೆ ಪುಡಿ. ಸಾಸಿವೆ ರುಚಿ ಬರುವುದಿಲ್ಲ, ಚೀಸ್ ರುಚಿ ಎದ್ದು ಬರುತ್ತದೆ. ಉಪ್ಪು ಕೊನೆಗೆ ನೋಡಿ ಹಾಕಿ, ಚೀಸ್‌ನಲ್ಲೇ ಸಾಕಷ್ಟಿದೆ. ಗಟ್ಟಿ ಅನಿಸಿದರೆ ಎತ್ತಿಟ್ಟ ನೀರು.

ಅವ್ವನ ವಿಷಯ ನನಗೂ ಗೊತ್ತಾಗುತ್ತಿಲ್ಲ. ನಮ್ಮ ಅತ್ತೆ ಇವತ್ತಿಗೂ ಮುಟ್ಟಿಲ್ಲ.

ಬೆಟಗೇರಿ ಮಗ್ಗ · ಶುಕ್ರವಾರ ಬೆಳಿಗ್ಗೆ 7.05

ಗದಗಿನಿಂದ ಒಂದು ಮಾತು. ಇಷ್ಟೆಲ್ಲ ಯಾಕ್ರೀ? ಮಳೆ ಬಂದರೆ ಬಿಸಿ ಜೋಳದ ರೊಟ್ಟಿ, ಝುಣಕ. ಇಲ್ಲ ಅಂದ್ರೆ ಗಿರ್ಮಿಟ್, ಮಿರ್ಚಿ. ಮೈದಾ, ಬೆಣ್ಣೆ, ಚೀಸ್ ಮೂರೂ ಸೇರಿಸಿ ಮಕ್ಕಳ ಹೊಟ್ಟೆಗೆ ಹಾಕೋದು ಪ್ರೀತಿನಾ? ಶ್ಯಾವಿಗೆ ಉಪ್ಪಿಟ್ಟು ಮಾಡಿಕೊಡಿ, ಅದೂ ಮೆತ್ತಗೇ ಇರುತ್ತೆ.

ಕೆಲಗೇರಿ ಅಪ್ಪ · 7.30

ಅಣ್ಣಾರ, ಸಿಟ್ಟಿಲ್ಲ. ರೊಟ್ಟಿ ಬಡಿಯಲಿಕ್ಕೆ ನನಗೆ ಬರುವುದಿಲ್ಲ. ಅವ್ವನಿಗೆ ಮೊಣಕೈ ನೋವು, ಬಡಿಯಬೇಡ ಅಂತ ಡಾಕ್ಟರ್ ಹೇಳಿದ್ದಾರೆ. ದಿನಾ ಕೊಂಡು ತಂದ ರೊಟ್ಟಿಯೇ ತಿನ್ನುತ್ತೇವೆ. ಇದು ವಾರಕ್ಕೆ ಒಂದು ರಾತ್ರಿ. ಅಮ್ಮ ಮನೆಯಲ್ಲಿಲ್ಲ ಅನ್ನೋದು ಮಕ್ಕಳಿಗೆ ಗೊತ್ತಾಗಬಾರದು ಅಂತಲ್ಲ, ಆ ರಾತ್ರಿಗೆ ಅಂತಾನೇ ಒಂದು ತಿನಿಸು ಇರಲಿ ಅಂತ. ಶ್ಯಾವಿಗೆ ಉಪ್ಪಿಟ್ಟು ಆದರೆ ನನ್ನ ಲೆಕ್ಕಕ್ಕೆ ಮೂರನೇ ಉಪ್ಪಿಟ್ಟು ಆಗುತ್ತೆ.

ಬೆಟಗೇರಿ ಮಗ್ಗ · 7.41

ಮೊಣಕೈ ವಿಷಯ ಗೊತ್ತಿರಲಿಲ್ಲ ತಮ್ಮಾ. ಮಾಡು ಮಾಡು. ಜೊತೆಗೆ ಹಸಿ ಸೌತೆಕಾಯಿ, ಮೂಲಂಗಿ, ಗಜ್ಜರಿ ಪಚಡಿ ಇಟ್ಟುಕೋ, ಅಷ್ಟೇ ನನ್ನ ತಕರಾರು.

ಇನ್ನೊಂದು ಕೇಳಬೇಕಿತ್ತು. ಚೀಸ್‌ಗೆ ಕರುವಿನ ಹೊಟ್ಟೆಯ ಏನೋ ಹಾಕ್ತಾರೆ ಅಂತಾರಲ್ಲ, ಖರೇನಾ? ಶ್ರಾವಣ ಬೇರೆ. ನಿಮ್ಮವ್ವ ಅದಕ್ಕೇ ಮುಟ್ಟಿಲ್ಲವೇನೋ.

ಉಣಕಲ್ ಕೆರೆ ದಂಡೆ · 9.10

ಖರೆ, ಆದರೆ ಎಲ್ಲ ಚೀಸ್‌ಗೂ ಅಲ್ಲ. ಹಾಲು ಹೆಪ್ಪುಗಟ್ಟಿಸಲು ಹಾಲು ಕುಡಿಯುವ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದು ಹಳೆಯ ಪದ್ಧತಿ. ಇಟಲಿಯ ಅಸಲಿ ಪಾರ್ಮಿಜಾನೋ ಚೀಸ್‌ಗೆ ಇವತ್ತಿಗೂ ಅದೇ ಬೇಕು. ನಮ್ಮ ದೇಶದಲ್ಲಿ ಮಾರುವ ಚೀಸ್ ಬಹುಪಾಲು ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್‌ನಲ್ಲಿ ಮಾಡಿದ್ದು. ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರಿ. ಅವ್ವನಿಗೆ ಚುಕ್ಕೆ ತೋರಿಸಿ.

ಪನೀರ್ ಹಾಕಿದರೆ ಆಯ್ತಲ್ಲ ಅಂತ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಪನೀರ್ ಕರಗುವುದಿಲ್ಲ. ಹುಳಿ ಹಿಂಡಿ ಒಡೆದದ್ದು ಎಷ್ಟು ಕಾಯಿಸಿದರೂ ಹಾಗೇ ಇರುತ್ತದೆ. ಅದಕ್ಕೇ ಅಲ್ವಾ ಪಾಲಕ್ ಪನೀರ್‌ನಲ್ಲಿ ತುಂಡು ತುಂಡಾಗಿ ಉಳಿಯೋದು.

ನಿವೃತ್ತ ಮಾಸ್ತರ · 11.00

ಚೀಸ್ ಬಗ್ಗೆ ಎಲ್ಲರೂ ಮಾತಾಡಿದಿರಿ, ಗೋಧಿ ಬಗ್ಗೆ ಯಾರೂ ಕೇಳಲಿಲ್ಲ. ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡುವ ಮ್ಯಾಕರೋನಿಯಲ್ಲಿ ಮೈದಾದ್ದೇ ಇರುವುದುಂಟು. ಅದು ಬೇಗ ಬಿಳಿಚಿಕೊಂಡು ಮೆತ್ತಗಾಗಿ ಮುದ್ದೆ ಆಗುತ್ತದೆ. ಡ್ಯೂರಂ ಗೋಧಿ ರವೆಯದ್ದು ನೋಡಿ ತನ್ನಿ. ಆ ಕಾಳು ಗಟ್ಟಿ, ಒಳಗೆ ಹಳದಿ. ಬೆಂದರೂ ಆಕಾರ ಬಿಡುವುದಿಲ್ಲ.

ಬೆಟಗೇರಿಯವರು ಶ್ಯಾವಿಗೆ ನೆನಪು ಮಾಡಿದ್ದು ಒಳ್ಳೆಯದಾಯಿತು. ನಮ್ಮ ಕಡೆ ಶ್ಯಾವಿಗೆಗೆ, ಮಾದ್ಲಿಗೆ, ಹುಗ್ಗಿಗೆ ಸದಕ ಗೋಧಿ, ಜವೆ ಗೋಧಿ ಅಂತ ಬಳಸುತ್ತಾರಲ್ಲ, ಅದು ಡೈಕಾಕಮ್ ಜಾತಿ. ಮ್ಯಾಕರೋನಿಯ ಡ್ಯೂರಂ ಅದರ ದಾಯಾದಿ. ಎರಡಕ್ಕೂ ವರ್ಣತಂತು (ಕ್ರೋಮೋಸೋಮ್) 28. ಬ್ರೆಡ್, ಚಪಾತಿ ಗೋಧಿಗೆ 42. 1986ರಲ್ಲಿ ಶುರುವಾದ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಜವೆಯಲ್ಲಿ ಡಿಡಿಕೆ 1009, ಡಿಡಿಕೆ 1025, ಡಿಡಿಕೆ 1029 ಅಂತ ಗಿಡ್ಡ ತಳಿ ಕೊಟ್ಟಿದ್ದಾರೆ. ಡ್ಯೂರಂನಲ್ಲೂ ಕೆಲಸ ಮಾಡಿದ್ದಾರೆ. ಅಂದರೆ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಕೋಲಿಗೆ ಜೋತು ಬಿಟ್ಟು ಒಣಗಿಸುತ್ತಿದ್ದ ಶ್ಯಾವಿಗೆಗೂ ಈ ಮ್ಯಾಕರೋನಿಗೂ ನಂಟಸ್ತನ ಇದೆ. ನಿಮ್ಮ ತಾಯಿಯವರಿಗೆ ಇದು ಪರದೇಶದ ಪದಾರ್ಥ ಅಂತ ಕೊಡಬೇಡಿ. ತೂತಿನ ಶ್ಯಾವಿಗೆ ಅಂತ ಕೊಡಿ.

ಬ್ಯಾಡಗಿ ಕೆಂಪು · 11.45

ನಮ್ಮ ಹಾವೇರಿ ಜಿಲ್ಲೆ ಇಷ್ಟು ಹೊತ್ತು ಸುಮ್ನೆ ಕೂತಿದ್ದೇ ಜಾಸ್ತಿ. ಒಂದು ಚಮಚ ಬ್ಯಾಡಗಿ ಮೆಣಸಿನಕಾಯಿ ಪುಡಿ ಬೆಣ್ಣೆಯಲ್ಲೇ ಹಾಕಿ. 2011ರಲ್ಲಿ ಜಿಐ ಟ್ಯಾಗ್, ಅಂದ್ರೆ ಈ ಊರಿನದ್ದೇ ಅನ್ನೋ ಸರ್ಕಾರಿ ಗುರುತು, ಸಿಕ್ಕ ಮೆಣಸಿನಕಾಯಿ ರೀ ಅದು. ಬಣ್ಣ ಕೆಂಪು, ಖಾರ ಕಡಿಮೆ, ಮಕ್ಕಳೂ ತಿಂತಾರೆ. ಆ ಮೇಲೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ಕರಿಬೇವು, ಗರಂ ಮಸಾಲಾ

ಉಣಕಲ್ ಕೆರೆ ದಂಡೆ · 11.47

ನಿಲ್ಲಿಸಿ ನಿಲ್ಲಿಸಿ. ಮೆಣಸಿನಕಾಯಿ ಪುಡಿವರೆಗೆ ಒಪ್ಪಿದೆ. ಗರಂ ಮಸಾಲಾ ಬಿದ್ದ ಮೇಲೆ ಅದು ಮ್ಯಾಕರೋನಿ ಪಲ್ಯ, ಮ್ಯಾಕರೋನಿ ಚೀಸ್ ಅಲ್ಲ. ಹಾಲಿನ ರುಚಿಯೇ ಇದರ ಜೀವ.

ಬ್ಯಾಡಗಿ ಕೆಂಪು · 11.50

ಸಪ್ಪೆ ತಿಂದು ಸಮಾಧಾನ ಆಗೋದು ಹೆಂಗ್ರೀ ಅಕ್ಕಾ? ನಮಗಂತೂ ಮೂಗಲ್ಲಿ ನೀರು ಬಂದ್ರೇನೇ ಸಮಾಧಾನ.

ದುರ್ಗದಬೈಲ್ ಬೇಕರಿ · ಮಧ್ಯಾಹ್ನ 2.30

ಹುಬ್ಬಳ್ಳಿಯ ಬೇಕರಿಯಲ್ಲಿ ಕೆಲಸ ಮಾಡುವವ ನಾನು. ಓವನ್ ಇಲ್ಲ ಅಂತ ಚಿಂತೆ ಬೇಡ. ಓವನ್‌ನಲ್ಲಿ ಇಡುವುದು ಮೇಲೆ ಗರಿಗರಿ ಪದರ ಬರಲಿ ಅಂತ ಅಷ್ಟೇ. ಎರಡು ಖಾರಿ ಬಿಸ್ಕಿಟ್, ಇಲ್ಲ ಒಂದು ಟೋಸ್ಟ್ ಕೈಯಲ್ಲಿ ಪುಡಿ ಮಾಡಿ. ಒಂದು ಚಮಚ ಬೆಣ್ಣೆಯಲ್ಲಿ ಕೆಂಪಗೆ ಹುರಿದು, ತಟ್ಟೆಗೆ ಬಡಿಸಿದ ಮೇಲೆ ಉದುರಿಸಿ. ಮೊದಲೇ ಉದುರಿಸಿದರೆ ಮೆತ್ತಗಾಗಿ ಹೋಗುತ್ತೆ. ಖಾರಿಯಲ್ಲಿ ಉಪ್ಪಿರುತ್ತೆ, ನೋಡಿಕೊಳ್ಳಿ. ಮನೆಯಲ್ಲಿ ಬಿಪಿ ಇರೋರಿದ್ದರೆ ಟೋಸ್ಟೇ ಒಳ್ಳೆಯದು.

ಸಪ್ತಾಪುರ ಪಿಜಿ · 2.36

ಅಣ್ಣಾ, ಒಂದೇ ಇಂಡಕ್ಷನ್, ಒಂದೇ ಪಾತ್ರೆ ಇರೋರು ಏನ್ ಮಾಡ್ಬೇಕು? ನನ್ನ ಹತ್ರ ಬಸಿಯೋ ಜಾಲರಿ ಕೂಡ ಇಲ್ಲ.

ದುರ್ಗದಬೈಲ್ ಬೇಕರಿ · 2.52

ಮ್ಯಾಕರೋನಿ ಒಂದು ಲೋಟ, ನೀರು ಒಂದೂವರೆ ಲೋಟ, ಹಾಲು ಒಂದು ಲೋಟ. ಒಟ್ಟಿಗೇ ಸಣ್ಣ ಉರಿಯಲ್ಲಿ ಬೇಯಿಸು. ಕೈ ಬಿಡದೆ ತಿರುವಬೇಕು, ತಳ ಹಿಡಿಯುತ್ತೆ. ಬಸಿಯುವ ಹಾಗಿಲ್ಲ, ಅದರ ಪಿಷ್ಟವೇ ಸಾಸ್ ಆಗುತ್ತೆ, ಮೈದಾನೂ ಬೇಡ. ಬೆಂದ ಮೇಲೆ ಆಫ್ ಮಾಡಿ ಎರಡು ಕ್ಯೂಬ್ ತುರಿದು ಹಾಕು. ಪರೀಕ್ಷೆ ಹಿಂದಿನ ದಿನಕ್ಕೆ ಇದೇ ಸಾಕು.

ನಿವೃತ್ತ ಮಾಸ್ತರ · ಸಂಜೆ 4.15

ಸಂಜೆ ಚಹಾ ಕುಡಿಯುತ್ತ ಇನ್ನೊಂದು ನೆನಪಾಯಿತು. ಇಂಗ್ಲೆಂಡಿನಲ್ಲಿ ಮ್ಯಾಕರೋನಿಗೆ ಚೀಸ್ ಹಾಕಿ ಮಾಡುವ ಕ್ರಮ 1769ರಲ್ಲೇ ಅಚ್ಚಾಗಿದೆ. ಅಮೆರಿಕಕ್ಕೆ ಇದನ್ನು ತಂದವರು ಅಧ್ಯಕ್ಷ ಜೆಫರ್ಸನ್ ಅಂತ ಹೇಳುವವರಿದ್ದಾರೆ. 1802ರಲ್ಲಿ ಅವರ ಔತಣದಲ್ಲಿ ಮ್ಯಾಕರೋನಿ ಬಡಿಸಿದ್ದು ನಿಜ. ಆದರೆ ಅದಕ್ಕೂ ಮೊದಲೇ, ಅವರ ಮನೆಯಲ್ಲಿ ಗುಲಾಮನಾಗಿದ್ದ ಜೇಮ್ಸ್ ಹೆಮಿಂಗ್ಸ್ ಅನ್ನುವವನು ಪ್ಯಾರಿಸ್‌ಗೆ ಹೋಗಿ ಅಲ್ಲಿಯ ಅಡುಗೆ ಕಲಿತು ಬಂದಿದ್ದ. ಹೆಸರು ಯಜಮಾನನಿಗೆ, ಒಲೆ ಮುಂದೆ ನಿಂತವನು ಇನ್ನೊಬ್ಬ. ಮುಂದೆ 1937ರಲ್ಲಿ, ಅಲ್ಲಿ ಜನರ ಕೈಯಲ್ಲಿ ದುಡ್ಡಿಲ್ಲದ ಕಾಲದಲ್ಲಿ, ಕ್ರಾಫ್ಟ್ ಕಂಪನಿ 19 ಸೆಂಟಿಗೆ ನಾಲ್ಕು ಮಂದಿಯ ಊಟ ಅಂತ ಡಬ್ಬಿಯಲ್ಲಿ ಮಾರಿತು. ಶ್ರೀಮಂತರ ತಿಂಡಿ ಬಡವರ ಮನೆಗೆ ಬಂದದ್ದು ಹಾಗೆ. ಈಗ ನಮ್ಮಲ್ಲಿ ಚೀಸ್ ಬೆಲೆ ನೋಡಿದರೆ ಮತ್ತೆ ವಾಪಸ್ ಹೋಗುವ ಹಾಗಿದೆ, ಅದು ಬೇರೆ ಮಾತು.

ಹಾನಗಲ್ ಅಕ್ಕ · 5.00

ನಾನು ಓದುವುದು ಜಾಸ್ತಿ, ಬರೆಯುವುದು ಕಡಿಮೆ. ಕೆಲಗೇರಿ ತಮ್ಮನ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೆ ಬಂದೆ.

ಹೋದ ವರ್ಷ ನಮ್ಮ ಅಪ್ಪನ ಹಲ್ಲು ಪೂರ್ತಿ ತೆಗೆಸಿದೆವು. ಹೊಸ ಸೆಟ್ ಬರುವವರೆಗೆ ಗಂಜಿ, ಮೆತ್ತಗನ್ನ, ಹಾಲಲ್ಲಿ ಅದ್ದಿದ ಬ್ರೆಡ್. ಹದಿನೈದು ದಿನಕ್ಕೆ ಬೇಸತ್ತು ಊಟವೇ ಬೇಡ ಅಂದುಬಿಟ್ಟರು. ಒಂದು ದಿನ ಮೊಮ್ಮಗಳ ತಟ್ಟೆಯಿಂದ ಎರಡು ಚಮಚ ಇದೇ ಮ್ಯಾಕರೋನಿ ತಿಂದರು. ಹೆಚ್ಚೇ ಬೇಯಿಸಿದ್ದು, ಸಾಸ್ ತೆಳ್ಳಗೆ. "ಇದಕ್ಕ ಹಲ್ಲ ಬ್ಯಾಡ ಬಿಡು" ಅಂದರು. ನಾವು ತಟ್ಟೆ ಹಾಕಿ ಕೂಡಿಸಿ ಬಡಿಸಿದ್ದರೆ ಖಂಡಿತ ಮುಟ್ಟುತ್ತಿರಲಿಲ್ಲ.

ನಿಮ್ಮವ್ವನ್ನ ಊಟಕ್ಕೆ ಕರೀಬೇಡ ತಮ್ಮಾ. ಕೆಲಸಕ್ಕೆ ಕರಿ. ಮೊಣಕೈ ನೋವಿದ್ದರೆ ಭಾರದ ಕೆಲಸ ಬೇಡ. ಆದರೆ ಜೀವನಪೂರ್ತಿ ಒಲೆ ಮುಂದೆ ನಿಂತವರನ್ನು ಪಕ್ಕಕ್ಕೆ ಕೂಡಿಸಿ ಮಗ ಹೊಸ ಅಡುಗೆ ಮಾಡಿದರೆ ಅವರಿಗೆ ಹೆಂಗನಿಸಬೇಡ?

ಕೆಲಗೇರಿ ಅಪ್ಪ · 5.12

ಅಕ್ಕಾ, ಇದು ನನಗೆ ಹೊಳೆದೇ ಇರಲಿಲ್ಲ. ಇವತ್ತು ರಾತ್ರಿ ಮತ್ತೆ ಮಾಡುತ್ತೇನೆ. ಕ್ಯೂಬ್ ತಂದಿದ್ದೇನೆ. ಹಸಿರು ಚುಕ್ಕೆ ಇದೆ.

ಕೆಲಗೇರಿ ಅಪ್ಪ · ಶನಿವಾರ ಬೆಳಿಗ್ಗೆ 10.30

ವರದಿ ಒಪ್ಪಿಸುತ್ತೇನೆ.

ಮ್ಯಾಕರೋನಿ ಬಸಿಯುವವರೆಗೆ ಎಲ್ಲ ಸರಿ ಇತ್ತು. ಮಗಳು ಚೀಸ್ ತುರಿದಳು, ಮಗ ತುರಿದಷ್ಟೂ ತಿಂದ. ಆರು ಕ್ಯೂಬ್‌ನಲ್ಲಿ ಐದು ಉಳಿದಿರಬೇಕು. ಮೈದಾ ಹುರಿದು ಮೊದಲ ಸೌಟು ಹಾಲು ಹಾಕಿದೆ. ಮತ್ತೆ ಗಂಟು. ಚಮಚದಲ್ಲಿ ಒತ್ತಿ ಒತ್ತಿ ನೋಡಿದೆ, ಹೋಗಲಿಲ್ಲ. ಅವ್ವ ಬಾಗಿಲಲ್ಲಿ ನಿಂತಿದ್ದಳು. ಅಕ್ಕ ಹೇಳಿದ್ದು ನೆನಪಾಯಿತು. "ಅವ್ವಾ, ಇದು ಗಂಟಾಗಾಕತ್ತೈತಿ, ಏನ ಮಾಡ್ಲಿ?" ಅಂದೆ.

ಒಳಗೆ ಬಂದು ಗ್ಯಾಸ್ ಸಣ್ಣ ಮಾಡಿದಳು. ಗೂಟಕ್ಕೆ ನೇತಾಡುತ್ತಿದ್ದ ಸಣ್ಣ ಕಡಗೋಲು ತೆಗೆದು ಕೈಗೆ ಕೊಟ್ಟಳು. "ಅಂಬಲಿ ಕಾಸೂದು ನೋಡಿಲ್ಲನು? ಕಡೀಬೇಕು ಇದನ್ನ, ತಿರುವೂದಲ್ಲ." ಎರಡೂ ಅಂಗೈ ನಡುವೆ ಉರುಳಿಸುವುದು ನಾನು, ಸೌಟು ಸೌಟು ಹಾಲು ಹಾಕುವುದು ಅವ್ವ. ಎರಡು ನಿಮಿಷಕ್ಕೆ ಗಂಟು ಮಾಯ. ಉಣಕಲ್ ಅಕ್ಕಾ, ಲೀಡ್ಸ್‌ನಲ್ಲಿ ಕಡಗೋಲು ಇತ್ತಾ?

ಗ್ಯಾಸ್ ಆರಿಸಿ ಚೀಸ್ ಹಾಕಿದ್ದಕ್ಕೆ ಅವ್ವ, "ಬೆಂಕಿ ಇಲ್ದ ಹೆಂಗ ಕರಗತೈತಿ?" ಅಂತ ಕೇಳಿದಳು. ಕರಗಿತು. ಸಾಸ್ ನುಣ್ಣಗೆ, ಹೊಸ ಗೋಡೆಗೆ ಬಳಿದ ಬಣ್ಣದ ಹಾಗೆ. ರುಚಿ ನೋಡು ಅಂತ ನಾನು ಹೇಳಲಿಲ್ಲ. ಉಪ್ಪು ಸರಿ ಇದೆಯಾ ನೋಡು ಅಂದೆ. ಅಂಗೈ ಮೇಲೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಪ್ಪು ಬರೋಬ್ಬರಿ ಐತಿ. ಖಾರ ಎಲ್ಲೈತಿ?" ಅಂದಳು.

ಆಮೇಲೆ ಆಗಿದ್ದನ್ನು ಹೇಳಿದರೆ ಉಣಕಲ್ ಅಕ್ಕ ಬೈಯುತ್ತಾರೆ. ತಟ್ಟೆಗೆ ಮ್ಯಾಕರೋನಿ, ಅದರ ಮೇಲೆ ಎರಡು ಚಮಚ ಶೇಂಗಾ ಚಟ್ನಿ ಪುಡಿ, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ. ತಟ್ಟೆ ಪೂರ್ತಿ ಖಾಲಿ. ಮಕ್ಕಳೂ ಎರಡನೇ ಸಲ ಅಜ್ಜಿಯ ಹಾಗೇ ಹಾಕಿಸಿಕೊಂಡರು. ಟೋಸ್ಟ್ ಪುಡಿ ಹುರಿದಿಟ್ಟಿದ್ದು ಮರೆತೇ ಹೋಯಿತು, ಬೆಳಿಗ್ಗೆ ಡಬ್ಬಿ ಹಿಂದೆ ಸಿಕ್ಕಿತು.

ಬ್ಯಾಡಗಿ ಕೆಂಪು · 10.34

ಅವ್ವಾರ ಕಾಲಿಗೆ ನನ್ನ ನಮಸ್ಕಾರ ಮುಟ್ಟಿಸಿ. ನಾನು ಎರಡು ದಿನದಿಂದ ಹೇಳಿದ್ದು ಅದನ್ನೇ.

ಉಣಕಲ್ ಕೆರೆ ದಂಡೆ · 10.50

ಬೈಯುವುದಿಲ್ಲ. ಶೇಂಗಾ ಚಟ್ನಿ, ಚೀಸ್ ಎರಡರಲ್ಲೂ ಉಪ್ಪು ಇದೆ, ಎಣ್ಣೆ ಇದೆ, ಹೊಂದಿಕೊಂಡಿರಬಹುದು. ಮಧ್ಯಾಹ್ನ ನಮ್ಮ ಅತ್ತೆಗೆ ಕೊಟ್ಟು ನೋಡುತ್ತೇನೆ. ಕಡಗೋಲು ಅಲ್ಲಿ ಇರಲಿಲ್ಲ, ತಂತಿಯ ಬೀಟರ್ ಇತ್ತು. ಮಜ್ಜಿಗೆಗೆ ದಿನಾ ಕಡಗೋಲು ಹಿಡಿಯುವ ನನಗೂ ಇದು ಹೊಳೆದಿರಲಿಲ್ಲ.

ಹಾನಗಲ್ ಅಕ್ಕ · 11.05

ಹೆಂಡತಿಗೆ ಏನಾದರೂ ಉಳಿಸಿದಿಯೋ ಇಲ್ಲೋ?

ಕೆಲಗೇರಿ ಅಪ್ಪ · 11.20

ಉಳಿಸಿದ್ದೆ ಅಕ್ಕಾ. ರಾತ್ರಿಯದು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಸ್ವಲ್ಪ ಹಾಲು ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಬೇಕು ಅಂತ ಹಾಲು ತರಲು ಹೊರಗೆ ಹೋದೆ. ಬರುವಷ್ಟರಲ್ಲಿ ಅವಳು ಬಂದು, ಹೆಗಲ ಬ್ಯಾಗ್ ಕೂಡ ಇಳಿಸದೆ ಗ್ಯಾಸ್ ಕಟ್ಟೆಗೆ ಒರಗಿ ನಿಂತು ತಣ್ಣಗಿನದ್ದನ್ನೇ ಪಾತ್ರೆಯಿಂದ ಕೆರೆದು ತಿನ್ನುತ್ತಿದ್ದಳು. ಈಗ ಮಲಗಿದ್ದಾಳೆ.

ಅವ್ವ ಒಂದು ಪ್ರಶ್ನೆ ಕೇಳಿದ್ದಾಳೆ, ಮಾಸ್ತರ್ರಿಗೆ. ಇದೇ ಹಾಲಿನ ಸಾಸ್‌ನಲ್ಲಿ ಮನೆಯ ಜವೆ ಗೋಧಿ ಶ್ಯಾವಿಗೆ ಹಾಕಿದರೆ ಹೆಂಗೆ? ಸೋಮವಾರ ನೋಡೋಣ ಅಂತಿದ್ದಾಳೆ.

ನಿವೃತ್ತ ಮಾಸ್ತರ · 11.45

ಭೇಷ್. ಶ್ಯಾವಿಗೆಯನ್ನು ಮೊದಲು ಒಂದು ಚಮಚ ತುಪ್ಪದಲ್ಲಿ ಕೆಂಪಗೆ ಹುರಿಯಲು ಹೇಳಿ, ಇಲ್ಲವಾದರೆ ಅಂಟುತ್ತದೆ. ಎಳೆ ಸಣ್ಣದು, ಬೇಗ ಬೇಯುತ್ತದೆ, ಸಾಸನ್ನೂ ಜಾಸ್ತಿ ಕುಡಿಯುತ್ತದೆ. ಹಾಲು ಅರ್ಧ ಲೀಟರ್ ಸಾಲದು, ಮುಕ್ಕಾಲು ಇಟ್ಟುಕೊಳ್ಳಿ. ಆದ ಮೇಲೆ ನನಗೂ ತಿಳಿಸಿ.

ಸಪ್ತಾಪುರ ಪಿಜಿ · 11.52

ಸೋಮವಾರ ನನಗೆ ಟೆಸ್ಟ್ ಇದೆ ಅಣ್ಣಾ, ಮಂಗಳವಾರ ಮಾಡಿ. ಕೆಲಗೇರಿ ದೂರ ಏನಲ್ಲ, ತಟ್ಟೆ ನಾನೇ ತರ್ತೀನಿ.